ರುಜು ಹಾಕದ ಬೀಗರು

ನಾಗಮಂಗಲದ ನಿವೃತ್ತ ನ್ಯಾಯಾಧೀಶ ಮುದ್ದಯ್ಯನವರ ಮನೆಗೆ ಸೋಮವಾರ ಬೆಳಿಗ್ಗೆ ಸರ್ಕಾರಿ ಲಕೋಟೆಯೊಂದು ಬಂತು. ಲಂಚಕೋರರನ್ನು ಹಿಡಿಯುವ ಪೊಲೀಸ್ ದಳಕ್ಕೆ ಹೊಸ ಮುಖ್ಯಸ್ಥರನ್ನು ಆರಿಸಲು ನೇಮಿಸಿದ್ದ ಮೂವರಲ್ಲಿ ಅವರೂ ಒಬ್ಬರು. ಒಳಗೆ ಅರ್ಹರ ಪಟ್ಟಿಯಿತ್ತು. ಸಭೆ ಅಂದೇ ಮಧ್ಯಾಹ್ನ ಮೂರಕ್ಕೆ, ಬೆಂಗಳೂರಿನಲ್ಲಿ. ಪಟ್ಟಿಯ ಮೊದಲ ಹೆಸರು ಓದಿದ್ದೇ ಅವರ ಕೈಲಿದ್ದ ಕಾಫಿ ಪಂಚೆಯ ಮೇಲೆ ಚೆಲ್ಲಿತು. ಸಿದ್ದೇಶ! ಮಗಳು ಸುಧಳ ಮಾವ.

"ನಾನು ಇದ್ರಲ್ಲಿ ಕೂರಂಗಿಲ್ಲ ಕಣೆ. ಹಿಂದೆ ಸರೀತೀನಿ ಅಂತ ಕಾಗ್ದ ಕೊಟ್ಟು ಬತ್ತೀನಿ" ಎಂದರು.

ಹೆಂಡತಿ ಪುಟ್ಟಲಕ್ಷ್ಮಮ್ಮ ಲೋಟ ಕುಕ್ಕಿದರು. "ಮೂವತ್ತು ವರ್ಸ ಊರೋರಿಗೆಲ್ಲಾ ನ್ಯಾಯ ಯೋಳಿದ್ದು ಸಾಲ್ದಾ? ಮಗಳ ಮನೇಗೆ ಒಳ್ಳೇದಾಗೋವಾಗ್ಲೇ ನೆಪ್ಪಾಗಬೇಕಾ ಅದು?"

ಕಾಂಪೌಂಡಿನಾಚೆ ಹಲ್ಲುಜ್ಜುತ್ತಿದ್ದ ತೆಂಗಿನಕಾಯಿ ವ್ಯಾಪಾರಿ ಚಿಕ್ಕಸ್ವಾಮಿಯ ಕಿವಿಗೆ ಅರ್ಧ ಮಾತು ಬಿತ್ತು. ಉಳಿದರ್ಧವನ್ನು ಅವನೇ ಸೇರಿಸಿಕೊಂಡ. ಮುದ್ದಯ್ಯ ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ, ಜಡ್ಜ್ ಸಾಹೇಬರು ಬೀಗರನ್ನು ದೊಡ್ಡ ಪೊಲೀಸ್ ಮಾಡಲು ಹೊರಟಿದ್ದಾರೆಂಬ ಸುದ್ದಿ ಟೀ ಅಂಗಡಿಯಲ್ಲಿ ಕುದಿಯುತ್ತಿತ್ತು.

ಅಲ್ಲಿ ಹಿಂದಿನ ಬೀದಿಯ ಮಂಚಮ್ಮ ಅಡ್ಡ ನಿಂತಳು. "ನನ್ ಮೈದ್ನ ಬೇಲಿ ಕಿತ್ತಾಕವ್ನೆ ಬುದ್ಧಿ. ನಿಮ್ ಬೀಗ್ರಿಗೆ ಯೋಳಿ ಒಳಿಕ್ಕಾಕ್ಸಿ."

"ಅದು ಅವರ ಕೆಲ್ಸ ಅಲ್ಲ ಕಣವ್ವ..."

ಬಿಡಿಸಿ ಹೇಳುತ್ತಿರುವಾಗಲೇ ಬಸ್ಸು ಹೊರಟುಹೋಯಿತು. ಹನ್ನೆರಡಕ್ಕೆ ಬಂದ ಮುಂದಿನ ಬಸ್ಸಿನಲ್ಲಿ, ಯಾರದೋ ರಾಗಿ ಮೂಟೆಗೂ ಕಿಟಕಿಗೂ ನಡುವೆ ಮಡಿಸಿಟ್ಟ ಛತ್ರಿಯಂತೆ ನಿಂತು, ಬೆಂಗಳೂರಿನ ಕಚೇರಿ ಸೇರಿದಾಗ ಮೂರೂವರೆ.

ಕಾಗದ ಕೊಟ್ಟ ಮೇಲೆ ಅವರ ಎದೆ ಹಗುರಾಯಿತು. ಬೆಳಗಿನಿಂದ ಮೊದಲ ಬಾರಿ ನೀರು ಕುಡಿದರು.

ಕಾರ್ಯದರ್ಶಿ ಮಹದೇವಸ್ವಾಮಿ ಅದನ್ನೋದಿ, ಮೇಜಿನಿಂದ ಅಂಥವೇ ಇನ್ನೆರಡು ಕಾಗದ ತೆಗೆದರು. "ಇನ್ನಿಬ್ಬರು ಸದಸ್ಯರದು ಸಾರ್. ಸಿದ್ದೇಶ್ ಅವರು ಒಬ್ಬರಿಗೆ ಷಡ್ಡಕ, ಇನ್ನೊಬ್ಬರಿಗೆ ಸೋದರಳಿಯ. ಅವರೂ ಹಿಂದೆ ಸರಿದಿದ್ದಾರೆ."

"ಅಂಗಾದ್ರೆ ಆರಿಸೋರು ಯಾರು?"

"ಸಮಿತಿ ಕೂರದಿದ್ದರೆ ದಳದ ಹಿರಿಯ ಅಧಿಕಾರಿ ಒಂದು ಹೆಸರು ಸೂಚಿಸಬೇಕು ಅಂತ ನಿಯಮ ಇದೆ ಸಾರ್. ಮೂರಕ್ಕೆ ಯಾರೂ ಕೂರಲಿಲ್ಲವಲ್ಲ, ಆಗಲೇ ಸೂಚಿಸಿಯೂ ಆಯ್ತು, ನೇಮಕದ ಆದೇಶವೂ ಹೊರಟಿತು."

"ಯಾರನ್ನ?"

ಮಹದೇವಸ್ವಾಮಿ ಗಂಟಲು ಸರಿಮಾಡಿಕೊಂಡರು. "ಹಿರಿಯ ಅಧಿಕಾರಿ ಸಿದ್ದೇಶ್ ಅವರೇ ಸಾರ್. ತಮ್ಮ ಹೆಸರನ್ನೇ ಸೂಚಿಸಿಕೊಂಡರು."

ವಾಪಸು ಬರುವ ದಾರಿಯಲ್ಲಿ ಸುಧಳ ಫೋನು. "ಅಪ್ಪಾ, ಮಾವ ಬಾಳಾ ನೊಂದ್ಕೊಂಡವ್ರೆ. ಬೀಗ್ರಾಗಿ ಒಂದು ರುಜು ಹಾಕ್ಲಿಲ್ವಲ್ಲ ಅಂತ. ನಂಜೊತೆ ಮಾತೇ ಆಡ್ತಿಲ್ಲ."

ಮಾಡಿದ್ದು ಸರಿ ಎಂದು ಮುದ್ದಯ್ಯನವರಿಗೆ ಈಗಲೂ ಗೊತ್ತಿತ್ತು. ಹಾಗೆನ್ನುವವರು ಮಾತ್ರ ಒಬ್ಬರೂ ಇರಲಿಲ್ಲ.

ಸಂಜೆ ನಾಗಮಂಗಲದಲ್ಲಿ ಇಳಿದರೆ, ನೇಮಕದ ಸುದ್ದಿಯನ್ನು ಟೀವಿಯಲ್ಲಿ ನೋಡಿದ್ದ ಚಿಕ್ಕಸ್ವಾಮಿ ಹಾರ ಹಿಡಿದು ನಿಂತಿದ್ದ. ಹಿಂದೆ ಅರ್ಜಿ ಹಿಡಿದ ಹತ್ತಾರು ಜನ.

"ಅನ್ಕಂಡಂಗೇ ಮಾಡ್ಸ್‌ಬುಟ್ರಲ್ಲ ಬುದ್ಧಿ!"

"ನಾನು ರುಜೂನೇ ಹಾಕ್ಲಿಲ್ಲ ಕಣಯ್ಯ!" ಮುದ್ದಯ್ಯನವರ ದನಿ ಒಡೆಯಿತು.

ಚಿಕ್ಕಸ್ವಾಮಿ ಭಕ್ತಿಯಿಂದ ಜನರತ್ತ ತಿರುಗಿದ.

"ಕೇಳುದ್ರೇನ್ರಲಾ? ರುಜು ಇಲ್ದೇನೇ ಮಾಡ್ಸವ್ರೆ!"