ಖಾಲಿ ಕಾಲಂಗೆ ತಾವು ತುಂಬಿದ ನನ್ನ ಮಂಡಿ ನೋವು

ಇವರಿಗೆ,
ಮಾನ್ಯ ಕಾರ್ಯದರ್ಶಿಗಳು ಹಾಗೂ 'ಎಣಿಕೆ' ವಾರ್ತಾಪತ್ರದ ಸಂಪಾದಕರು,
ನಾಲ್ಕು ತಾಲ್ಲೂಕುಗಳ ಅಂಕಿಸಂಖ್ಯಾ ವೃತ್ತಿಬಾಂಧವರ ಬಳಗ, ರಾಮನಗರ.

ವಿಷಯ: ನನಗೆ ಆಗದಿರುವ ಶಸ್ತ್ರಚಿಕಿತ್ಸೆ, ನಾನು ಪಡೆಯದಿರುವ ಸ್ವಯಂನಿವೃತ್ತಿ ಮತ್ತು ನನಗೆ ಹುಟ್ಟದಿರುವ ಮೊಮ್ಮಗನ ಕುರಿತು.

ಮಾನ್ಯರೇ,

ನನ್ನವೇ ಆದ, ಯಾವ ವೈದ್ಯರ ಚಾಕುವೂ ಸೋಕದ ಎರಡು ಮಂಡಿಗಳನ್ನು ಮಡಿಸಿ ಚಾಪೆಯ ಮೇಲೆ ಕುಳಿತು, ಬಳಗದ ಸದಸ್ಯ ಸಂಖ್ಯೆ ನಲವತ್ತೊಂದರ ಅನೀಸ್ ಎಂಬ ನಾನು, ತಮಗೂ ತಮ್ಮ ಕಾರ್ಯಕಾರಿ ಸಮಿತಿಗೂ ಸಮಿತಿಯ ಹೊಸ ಕಂಪ್ಯೂಟರಿಗೂ ಹಿರಿತನದ ಕ್ರಮದಲ್ಲಿ ವಂದನೆಗಳನ್ನು ಸಲ್ಲಿಸುತ್ತೇನೆ. ಈ ಪತ್ರವನ್ನು ಖಾಸಗಿಯಾಗಿ ಬರೆಯಬಹುದಿತ್ತು. ಆದರೆ ನನ್ನ ಮಂಡಿಯ ವಿಚಾರವನ್ನು ತಾವು ಅರವತ್ತಮೂರು ಸದಸ್ಯರಿಗೂ ಅವರ ಮನೆಮಂದಿಗೂ ತಿಳಿಯುವಂತೆ ಅಚ್ಚು ಹಾಕಿಸಿರುವುದರಿಂದ, ಉತ್ತರವೂ ಅಷ್ಟೇ ಬಹಿರಂಗವಾಗಿರುವುದು ನ್ಯಾಯವೆಂದು ನನ್ನ ಭಾವನೆ.

'ಎಣಿಕೆ'ಯ ಈ ಸಲದ ಸಂಚಿಕೆ ಕೈಸೇರಿತು. ಮುಖಪುಟದಲ್ಲಿಯೇ 'ಸದಸ್ಯರ ಸಮಾಚಾರ: ನೂರಕ್ಕೆ ನೂರು ಸ್ಪಂದನೆ' ಎಂಬ ದಪ್ಪಕ್ಷರದ ತಲೆಬರಹ ಕಂಡು ನನ್ನ ಎದೆ ಉಬ್ಬಿತು. ಇಪ್ಪತ್ತಾರು ವರ್ಷದಿಂದ ಮನೆ ಮನೆ ತಿರುಗಿ ಸಮೀಕ್ಷೆ ಮಾಡುತ್ತಿರುವ ನಾನು, ಕೇಳಿದವರೆಲ್ಲರೂ ಉತ್ತರ ಕೊಟ್ಟ ಒಂದೇ ಒಂದು ಊರನ್ನು ಈ ಸೀಮೆಯಲ್ಲಿ ಕಂಡಿಲ್ಲ. ಬೇರೆಯವರಿಂದ ಉತ್ತರ ಕೀಳುವುದೇ ಕಸುಬಾಗಿರುವ ನಮ್ಮ ಬಳಗದವರು, ನಮಗೇ ಯಾವ ಫಾರಂ ಬಂದರೂ ಆಮೇಲೆ ನೋಡೋಣವೆಂದು ಎತ್ತಿಡುವವರು, ಅದರಲ್ಲಿ ನಾನೂ ಒಬ್ಬ. ಅಂಥ ಬಳಗದಲ್ಲಿ ನೂರಕ್ಕೆ ನೂರು ಸಾಧಿಸಿದ ತಮಗೆ ಯಾವ ಶಾಲು ಹೊದಿಸಿದರೂ ಕಡಿಮೆಯೇ ಎಂದುಕೊಂಡು ಆರನೆಯ ಪುಟಕ್ಕೆ ಬಂದೆ.

ಅಲ್ಲಿ ಹೀಗಿತ್ತು: 'ರಾಮನಗರದ ಶ್ರೀ ಅನೀಸ್‌ರವರು ಸ್ವಯಂನಿವೃತ್ತಿ ಪಡೆದಿದ್ದು, ಎಡ ಮಂಡಿಯ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿದ್ದಾರೆ. ಇವರ ಮೊಮ್ಮಗನ ನಾಮಕರಣ ದೊಡ್ಡಮಳೂರಿನ ಅಪ್ರಮೇಯಸ್ವಾಮಿ ದೇವಸ್ಥಾನದಲ್ಲಿ ಸುಸೂತ್ರವಾಗಿ ನೆರವೇರಿತು.'

ನಾನು ಮೊದಲು ಮಂಡಿ ಮುಟ್ಟಿ ನೋಡಿಕೊಂಡೆ. ಆಮೇಲೆ ಒಳಗೆ ಹೋಗಿ ದ್ವಿತೀಯ ಪಿಯುಸಿ ಓದುತ್ತಿರುವ ನನ್ನ ಒಬ್ಬಳೇ ಮಗಳನ್ನು ನೋಡಿದೆ. ಅವಳು ಕೆಮಿಸ್ಟ್ರಿ ಓದುತ್ತಿದ್ದಳು. ನನ್ನ ಹೆಂಡತಿ ಯಾಸ್ಮಿನ್ ಪತ್ರಿಕೆಯನ್ನು ಕಿತ್ತುಕೊಂಡು ಎರಡು ಸಲ ಓದಿ, "ಮೊಮ್ಮಗ ಬಂದಿರೋದು ನಂಗೊಬ್ಳಿಗೇ ಗೊತ್ತಿಲ್ಲ ನೋಡಿ. ಹೆಸ್ರೇನಿಟ್ರಂತೆ?" ಎಂದು ಕೇಳಿದಳು. ಆ ಪ್ರಶ್ನೆಗೆ ಉತ್ತರ ಸಂಚಿಕೆಯಲ್ಲಿ ಇಲ್ಲದಿರುವುದು ಸಂಪಾದಕತ್ವದ ಒಂದು ಸಣ್ಣ ಲೋಪವೆಂದು ವಿನಯದಿಂದ ಸೂಚಿಸುತ್ತೇನೆ.

ಗುಟ್ಟು ತಿಳಿದದ್ದು ಪುಟದ ಅಡಿಯಲ್ಲಿ, ಇರುವೆಯೂ ಕನ್ನಡಕ ಹಾಕಿಕೊಂಡು ಓದಬೇಕಾದ ಅಕ್ಷರಗಳಲ್ಲಿ. ಫಾರಂ ತುಂಬಿ ಕಳಿಸದ ಮೂವರು ಸದಸ್ಯರ ವಿವರಗಳನ್ನು, ವಯಸ್ಸು, ಸೇವಾವಧಿ ಮತ್ತು ಹುದ್ದೆಯಲ್ಲಿ ಅವರನ್ನು ಅತಿ ಹೆಚ್ಚು ಹೋಲುವ ಸದಸ್ಯರ ವಿವರಗಳಿಂದ ವೈಜ್ಞಾನಿಕವಾಗಿ ಭರ್ತಿ ಮಾಡಲಾಗಿದೆ ಎಂದು ತಾವು ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದೀರಿ. ಚನ್ನಪಟ್ಟಣದ ಚೆಲುವಯ್ಯ ನನ್ನ ವಯಸ್ಸಿನವರು, ನನ್ನ ಜೊತೆಯಲ್ಲೇ ಕೆಲಸಕ್ಕೆ ಸೇರಿದವರು, ನನ್ನದೇ ಹುದ್ದೆಯವರು. ಹೀಗಾಗಿ ತಮ್ಮ ಕಂಪ್ಯೂಟರು ಅವರ ಮಂಡಿಯನ್ನೂ ನಿವೃತ್ತಿಯನ್ನೂ ಮೊಮ್ಮಗನನ್ನೂ ಎತ್ತಿ ತಂದು ನನ್ನ ಮನೆಗೆ ಇಳಿಸಿದೆ. ಅಪ್ರಮೇಯಸ್ವಾಮಿಯ ಮೇಲೆ ನನಗೆ ಗೌರವವಿದೆ, ದೊಡ್ಡಮಳೂರಿನಲ್ಲಿ ಎರಡು ಸಮೀಕ್ಷೆ ಮಾಡಿ ಅಲ್ಲಿಯ ಪ್ರಸಾದವನ್ನೂ ತಿಂದಿದ್ದೇನೆ, ಆದರೆ ನಮ್ಮ ಮನೆಯಲ್ಲಿ ಹೆಸರಿಡುವ ಕ್ರಮ ಒಂದಿಷ್ಟು ಬೇರೆ ಎಂಬುದು ತಮಗೂ ತಿಳಿದ ವಿಷಯ. ರಂಜಾನ್ ಹಬ್ಬಕ್ಕೆ ಪ್ರತಿವರ್ಷ ನಮ್ಮ ಮನೆಗೆ ಬಂದು ಎರಡನೆಯ ಸಲ ಬಡಿಸಿಕೊಂಡು ತಿನ್ನುವವರು ತಾವು.

ಸಂಚಿಕೆಯ ಪ್ರಭಾವವನ್ನು ಮೆಚ್ಚಲೇಬೇಕು. ನಮ್ಮ ಬಳಗದ ಪತ್ರಿಕೆಯನ್ನು ಯಾರೂ ಓದುವುದಿಲ್ಲವೆಂಬ ನನ್ನ ತಪ್ಪು ಕಲ್ಪನೆ ಒಂದೇ ವಾರದಲ್ಲಿ ಹೋಯಿತು. ರೇಷ್ಮೆ ಗೂಡಿನ ಮಾರುಕಟ್ಟೆಯ ಹಿಂದಿನ ನಮ್ಮ ಬೀದಿಗೆ ಕಿತ್ತಳೆ, ಮೋಸಂಬಿ, ಬ್ರೆಡ್ಡುಗಳ ಮೆರವಣಿಗೆಯೇ ಬಂತು. ಬಂದವರ ಮುಂದೆ ನಾನು ಸರಾಗವಾಗಿ ನಡೆದು ತೋರಿಸಿದರೆ, ಡಾಕ್ಟರ ಕೈಗುಣವನ್ನು ಹೊಗಳಿ ಅವರ ವಿಳಾಸ ಕೇಳಿದರು. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ನನ್ನ ಗೆಳೆಯ ಗಫಾರ್, ಕೆಂಪು ಹಳದಿ ಅರಗಿನ ಬಣ್ಣ ಹಾಕಿದ ಗಿಲಕಿಯೊಂದನ್ನು ಮೊಮ್ಮಗನಿಗೆಂದು ಕಳಿಸಿದ, ಜೊತೆಗೆ ಸುದ್ದಿ ಮುಚ್ಚಿಟ್ಟಿದ್ದಕ್ಕೆ ನಾಲ್ಕು ಬೈಗುಳವನ್ನೂ ಕಳಿಸಿದ. ಗಿಲಕಿ ಈಗ ನನ್ನ ಮೇಜಿನ ಮೇಲಿದೆ. ಈ ಪತ್ರ ಬರೆಯುವಾಗ ಸಿಟ್ಟು ಬಂದಾಗಲೆಲ್ಲ ಅದನ್ನು ಎತ್ತಿ ಅಲ್ಲಾಡಿಸುತ್ತಿದ್ದೇನೆ.

ಇಷ್ಟು ಉಪಕಾರ ಮಾಡಿದ ತಮ್ಮಲ್ಲಿ ಇನ್ನು ಕೆಲವು ಬೇಡಿಕೆಗಳಿವೆ. ಚೆಲುವಯ್ಯನವರ ಮೊಮ್ಮಗನನ್ನು ತಿಂಗಳಿಗೆ ಹತ್ತು ದಿನವಾದರೂ ನಮ್ಮ ಮನೆಗೆ ಕಳಿಸಿಕೊಡಲು ಆದೇಶ ಹೊರಡಿಸಬೇಕು, ಯಾಸ್ಮಿನ್ ಈಗಾಗಲೇ ಅವನಿಗೆ ಸ್ವೆಟರ್ ಹೆಣೆಯಲು ಶುರುಮಾಡಿದ್ದಾಳೆ. ಸಾಂಖ್ಯಿಕ ದಿನಾಚರಣೆಗೆ ಬಾರದ ಸದಸ್ಯರ ಕುರ್ಚಿಗಳಲ್ಲಿ ಅವರನ್ನು ಹೋಲುವವರನ್ನು ಕೂರಿಸಿ ಸಭಾಂಗಣ ತುಂಬಿಸಬೇಕು, ಮತ್ತು ಊಟಕ್ಕೆ ತಪ್ಪಿಸಿಕೊಂಡವರ ಪಾಲಿನ ಹೋಳಿಗೆಯನ್ನು ಅವರನ್ನು ಅತಿ ಹೆಚ್ಚು ಹೋಲುವವರ ಎಲೆಗೇ ಬಡಿಸಬೇಕು. ಚೆಲುವಯ್ಯನವರಿಗೆ ಸಕ್ಕರೆ ಕಾಯಿಲೆ, ಆದ್ದರಿಂದ ಈ ನಿಯಮದಿಂದ ನನಗೆ ನಷ್ಟವೇನೂ ಇಲ್ಲ.

ನನ್ನ ಹಾಗೆಯೇ ಭರ್ತಿಯಾದ ಕನಕಪುರದ ರಾಧಾಮಣಿಯವರಿಗೆ ಫೋನ್ ಮಾಡಿ, ಇಬ್ಬರೂ ಸೇರಿ ದೂರು ಕೊಡೋಣವೆಂದೆ. ಅವರ ಮಗ ಇಂಜಿನಿಯರಿಂಗಿನಲ್ಲಿ ಮೊದಲ ರ‍್ಯಾಂಕ್ ಬಂದನೆಂದು ತಾವು ಪ್ರಕಟಿಸಿದ್ದೀರಿ. "ದೂರು ಗೀರು ಏನೂ ಬ್ಯಾಡಿ ಸಾ, ಅದು ಅಂಗೇ ಇರ್ಲಿ. ನಮ್ ಹೈದ ಓದಿ ಕಿಸಿಯೋದು ಅಷ್ಟ್ರಾಗೇ ಐತೆ" ಎಂದು ಅವರು ಫೋನ್ ಇಟ್ಟರು. ಹೀಗೆ ಮೂವರಲ್ಲಿ ಒಬ್ಬರಿಗೆ ತಮ್ಮ ವಿಧಾನದಿಂದ ಪೂರ್ಣ ತೃಪ್ತಿಯಾಗಿದೆ ಎಂಬ ಅಂಶವನ್ನು ಮುಂದಿನ ವರದಿಗೆ ಬಳಸಿಕೊಳ್ಳಬಹುದು.

ಇಲ್ಲಿಯವರೆಗಿನದನ್ನು ನಗುತ್ತಲೇ ಬರೆದೆ. ಮೊನ್ನೆ ದಿನಾಚರಣೆಯ ಆಹ್ವಾನ ಪತ್ರಿಕೆ ಬಂತು, ಅದನ್ನು ಓದಿ ನಗು ಬರಲಿಲ್ಲ. ಹನ್ನೊಂದು ಗಂಟೆಗೆ ನಾನು ಓದಬೇಕಿದ್ದ 'ಬೀಗ ಹಾಕಿದ ಮನೆಗಳು' ಎಂಬ ಪ್ರಬಂಧವನ್ನು, ಪ್ರಬಂಧಕಾರರು ನಿವೃತ್ತರಾಗಿದ್ದಾರೆಂಬ ಕಾರಣಕ್ಕೆ, ತಾವು ತೆಗೆದುಹಾಕಿದ್ದೀರಿ. ಆ ಹೊತ್ತಿಗೆ ಖಾಲಿ ಕಾಲಂಗಳನ್ನು ತಾನೇ ತುಂಬಿಕೊಳ್ಳುವ ಹೊಸ ಸಾಫ್ಟ್‌ವೇರಿನ ಪ್ರಾತ್ಯಕ್ಷಿಕೆ ಇಟ್ಟಿದ್ದೀರಿ. ನನಗೆ ಸಂಜೆ ನಿವೃತ್ತರ ಸಾಲಿನಲ್ಲಿ ಪೇಟ, ಶಾಲು, ಹಣ್ಣಿನ ಬುಟ್ಟಿ. ಮನೆಯಲ್ಲಿ ಹಣ್ಣು ಈಗಾಗಲೇ ಕೊಳೆಯುತ್ತಿದೆ, ಸ್ವಾಮಿ. ನನಗೆ ಬೇಕಾಗಿರುವುದು ಆ ಹದಿನೈದು ನಿಮಿಷ.

ಹನ್ನೊಂದು ವರ್ಷದ ಕೆಲಸ ಅದು. ಸಮೀಕ್ಷೆಗೆ ಹೋದಾಗ ಬೀಗ ಹಾಕಿದ್ದ ನಾನೂರ ಹನ್ನೆರಡು ಮನೆಗಳಿಗೆ ಎರಡನೆಯ ಸಲ, ಮೂರನೆಯ ಸಲ, ನಾಲ್ಕನೆಯ ಸಲ ಹೋಗಿ ಬಾಗಿಲು ತೆರೆಯುವವರೆಗೂ ಬಿಡದೆ ಬರೆದುಕೊಂಡ ಟಿಪ್ಪಣಿಗಳು. ಅದರಲ್ಲಿ ನಾನು ಹೇಳಹೊರಟಿರುವ ಮಾತು ಒಂದೇ: ಬೀಗ ಹಾಕಿದ ಮನೆ ಪಕ್ಕದ ಮನೆಯಂತೆ ಇರುವುದಿಲ್ಲ. ತಮ್ಮ ಫಾರಂಗೆ ನಾನು ಉತ್ತರಿಸದೆ ಹೋದದ್ದೂ ಇಂಥದೇ ಒಂದು ಮನೆಯಿಂದಾಗಿ. ಫಾರಂ ತುಂಬಲು ಕಡೆಯ ದಿನವಾಗಿದ್ದ ಅಂದು ನಾನು ಕೋಡಿಹಳ್ಳಿಯಲ್ಲಿ ಸಿದ್ದಮ್ಮ ಎಂಬಾಕೆಯ ಬಾಗಿಲ ಮುಂದೆ ನಾಲ್ಕನೆಯ ಸಲ ಕುಳಿತಿದ್ದೆ. ಹಿಂದಿನ ಮೂರು ಸಲವೂ ಪಕ್ಕದ ಮನೆಯ ಯಜಮಾನರು ನನ್ನ ಮೇಲೆ ಕನಿಕರಪಟ್ಟು, "ಅವ್ಳ್ದೂ ನಮ್ಮಂಗೇ ಬರ್ಕಳಿ ಸಾ, ಎಲ್ಡು ಹಸ ಒಂದು ಕರ" ಎಂದಿದ್ದರು. ಬರೆದುಕೊಂಡಿದ್ದರೆ ಬಸ್ಸಿನ ಖರ್ಚು ಉಳಿಯುತ್ತಿತ್ತು.

ಹೊತ್ತು ಇಳಿದ ಮೇಲೆ ಸಿದ್ದಮ್ಮ ಬಂದಳು, ತಲೆಯ ಮೇಲೆ ಹುಲ್ಲಿನ ಹೊರೆ. ಹುಲ್ಲು ಪಕ್ಕದ ಮನೆಯ ಹಸುಗಳಿಗೆ. ಅವಳಿಗೆ ಹಸುವೂ ಇಲ್ಲ, ಕರುವೂ ಇಲ್ಲ, ಬೆಳಿಗ್ಗೆ ಬೆಳಕು ಹರಿಯುವ ಮುಂಚೆ ಕೂಲಿಗೆ ಹೊರಟರೆ ಬರುವುದು ಆ ಹೊತ್ತಿಗೇ. "ನಾಕ್ ದಪ ಬಂದಿದ್ಯಾ? ನಮ್ಮೋರೇ ಒಂದ್ ದಪ ಬರಾಕಿಲ್ಲ ಕಣಪ್ಪ. ಕೂತ್ಕ, ಒಸಿ ಕಾಪಿ ಕುಡಿ, ಹಾಲ್ ಮಾತ್ರ ಇಲ್ಲ" ಎಂದು ಹೊರೆ ಇಳಿಸಿದಳು. ಆ ಕರೀ ಕಾಫಿ ಕುಡಿಯುತ್ತ, ಹಸುಗಳ ಕಾಲಂನಲ್ಲಿ ಸೊನ್ನೆ ಬರೆದೆ. ಅಂದು ನನ್ನ ಮೊಬೈಲಿಗೆ ತಮ್ಮ ನೆನಪೋಲೆ ಬಂದದ್ದನ್ನು ನಾನು ನೋಡಲಿಲ್ಲ, ಅದು ನನ್ನ ತಪ್ಪೇ ಎಂದು ಒಪ್ಪಿಕೊಳ್ಳುತ್ತೇನೆ.

ಈ ಚಾಳಿ ನನಗೆ ಹತ್ತಿದ್ದು ಎಲ್ಲಿಂದ ಎಂಬುದು ತಮಗೆ ಗೊತ್ತು, ಏಕೆಂದರೆ ತಮಗೂ ಅಲ್ಲಿಂದಲೇ ಹತ್ತಿತ್ತು. ನಮ್ಮಿಬ್ಬರಿಗೂ ಕೆಲಸ ಕಲಿಸಿದವರು ಮಾಗಡಿಯ ಹನುಮಂತಯ್ಯನವರು. ನಾವಿಬ್ಬರೂ ಹೊಸಬರಾಗಿದ್ದಾಗ ಒಂದು ಬೀದಿಯ ಒಂಬತ್ತು ಬೀಗ ನೋಡಿ, ಕೋಣೆಯಲ್ಲೇ ಕುಳಿತು ಒಂಬತ್ತು ಫಾರಂ ತುಂಬಿದ್ದೆವು. ಅವರು ಅದನ್ನು ಹರಿಯಲಿಲ್ಲ, ಬೈಯಲೂ ಇಲ್ಲ. "ಬೀಗ ನೋಡ್ಕಂಡು ವಾಪಸ್ ಬಂದ್ರೆ ಮನೆ ಎಣಿಸ್ದಂಗಲ್ಲ ಕಣ್ರಲಾ, ಬೀಗ ಎಣಿಸ್ದಂಗೆ" ಎಂದು ಹೇಳಿ, ಫಾರಂಗಳನ್ನು ನಮ್ಮ ಕೈಗೇ ಕೊಟ್ಟು, ಬಿಸಿಲಲ್ಲಿ ಮತ್ತೆ ಅದೇ ಬೀದಿಗೆ ಅಟ್ಟಿದರು. ಆ ದಿನ ನನಗಿಂತ ಜೋರಾಗಿ ನಡೆದವರು ತಾವು. ನನ್ನ ಪ್ರಬಂಧವನ್ನು ಅವರಿಗೇ ಅರ್ಪಿಸಿದ್ದೇನೆ, ಅವರ ಎದುರಿಗೆ ಓದಬೇಕೆಂಬ ಆಸೆಯಿತ್ತು. ಅದನ್ನು ತಾವು ಕಿತ್ತುಹಾಕಿದ್ದರಿಂದ ನನಗೆ ನೋವಾಗಿದೆ. ಮಂಡಿಯಲ್ಲಲ್ಲ.

ಆದ್ದರಿಂದ ಕೊನೆಯ ಕೋರಿಕೆಗಳು. ಹನ್ನೊಂದು ಗಂಟೆಯ ನನ್ನ ಹದಿನೈದು ನಿಮಿಷಗಳನ್ನು ನನಗೆ ಹಿಂದಿರುಗಿಸಬೇಕು. ಶಾಲನ್ನು ನಿಜವಾಗಿ ನಿವೃತ್ತರಾದ ಚೆಲುವಯ್ಯನವರಿಗೆ ಎರಡು ಸುತ್ತು ಹೊದಿಸಬಹುದು. ಮುಖಪುಟದ ನೂರಕ್ಕೆ ನೂರನ್ನು ತೆಗೆದು, ಅರವತ್ತಮೂರರಲ್ಲಿ ಅರವತ್ತು ಎಂದು ತಿದ್ದುಪಡಿ ಹಾಕಬೇಕು, ಅದೇನೂ ನಾಚಿಕೆಪಡುವ ಸಂಖ್ಯೆಯಲ್ಲ. ನನ್ನ ಹೆಸರಿನ ಮುಂದಿನ ಕಾಲಂ ಅನ್ನು ಸದ್ಯಕ್ಕೆ ಖಾಲಿ ಬಿಡಬೇಕು. ಬಳಗದ ಕಚೇರಿಯಿಂದ ನಮ್ಮ ಮನೆಗೆ ನಡೆದು ಬಂದರೆ ಹನ್ನೊಂದು ನಿಮಿಷ, ನಾನು ಎಣಿಸಿದ್ದೇನೆ. ಫಾರಂ ಹಿಡಿದು ಬಂದರೆ ಇರುವ ಸಂಗತಿಯನ್ನೇ ಹೇಳುತ್ತೇನೆ, ಯಾಸ್ಮಿನ್ ಚಹಾ ಮಾಡುತ್ತಾಳೆ. ಬೀಗ ಹಾಕಿದ್ದರೆ ದಯವಿಟ್ಟು ಮತ್ತೊಮ್ಮೆ ಬನ್ನಿ.

ತಮ್ಮ ವಿಶ್ವಾಸಿ
(ಈ ಒಂದು ವಿವರವನ್ನು ಮಾತ್ರ ನಾನೇ ಸ್ವತಃ ಭರ್ತಿ ಮಾಡಿದ್ದೇನೆ),
ಅನೀಸ್

ಮರೆತಿದ್ದು (ಮೇಲಿನದನ್ನು ಬರೆದು ಮುಗಿಸಿದ ಮೇಲೆ ಸೇರಿಸಿದ್ದು): ಉತ್ತರಿಸದ ಮೂರನೆಯ ಸದಸ್ಯರು ಹನುಮಂತಯ್ಯನವರೇ ಅಲ್ಲವೇ? 'ಆರೋಗ್ಯವಾಗಿದ್ದು, ಪ್ರತಿದಿನ ಬೆಳಗಿನ ನಡಿಗೆ ಆರಂಭಿಸಿದ್ದಾರೆ' ಎಂದು ಅವರ ಬಗ್ಗೆ ತಾವು ಬರೆದಿದ್ದೀರಿ. ಈ ಪತ್ರಕ್ಕೆ ಅವರ ಸಹಿಯನ್ನೂ ಹಾಕಿಸೋಣವೆಂದು ಕಳೆದ ಭಾನುವಾರ ಮಾಗಡಿಗೆ ಹೋಗಿದ್ದೆ. ಅವರು ತೀರಿಕೊಂಡು ಏಳು ತಿಂಗಳಾಗಿದೆ. ನಮ್ಮ ನಂಬರುಗಳಿದ್ದ ಅವರ ಫೋನಿನ ಲಾಕ್ ತೆಗೆಯಲು ಯಾರಿಗೂ ಬಾರದೆ ನಮ್ಮಲ್ಲಿ ಯಾರಿಗೂ ತಿಳಿಸಲಾಗಲಿಲ್ಲವಂತೆ, ತಾವು ಕಳಿಸಿದ ಫಾರಂ ಬೀರುವಿನೊಳಗಿನ ಆ ಫೋನಿಗೇ ಹೋಗಿ ಕುಳಿತಿದೆ. ಅವರ ಹೆಂಡತಿ 'ಎಣಿಕೆ'ಯ ಆ ಪುಟವನ್ನು ಮಡಿಸಿ ಫೋಟೋದ ಹಿಂದೆ ಇಟ್ಟುಕೊಂಡಿದ್ದಾರೆ. "ಒಸಿ ನಡೀರಿ ನಡೀರಿ ಅಂತ ರಿಟೈರಾದಾಗಿಂದ ಬಡ್ಕಂಡೆ, ಸರ್ವೀಸ್ನಾಗೆ ನಡ್ದಿದ್ದೇ ಸಾಕು ಅಂತ ಒಂದಿನ ಎದ್ದೋರಲ್ಲ. ಈಗ ನಡೀತಾವ್ರಂತೆ, ನಡೀಲಿ ಬುಡಪ್ಪ" ಎಂದು ನಕ್ಕರು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಮನೆಗೆ ಬೀಗವಿರಲಿಲ್ಲ, ಬಾಗಿಲು ತೆರೆದೇ ಇತ್ತು. ಏಳು ತಿಂಗಳಲ್ಲಿ ನಮ್ಮ ಬಳಗದಿಂದ ಅಲ್ಲಿಗೆ ಹೋದವನು ನಾನೇ ಮೊದಲಿಗ, ಅದೂ ನನ್ನ ಮಂಡಿಯ ಬಗ್ಗೆ ದೂರು ಹೇಳಲು.