ನನ್ನ ತೋರುಬೆರಳು ಮತ್ತು ಐರ್ಲೆಂಡಿನ ಗಟ್ಟಿಮೇಳ

ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಶಿಫ್ಟ್ ಸೂಪರ್‌ವೈಸರ್ ಆಗಿದ್ದವನು ನಾನು. ನನ್ನ ಕಾಲದಲ್ಲಿ ಸೈರನ್ ಒಂದು ನಿಮಿಷವೂ ತಡವಾಗಿ ಕೂಗಿದ್ದಿಲ್ಲ. ಹಾಗಿರುವಾಗ ತಂಗಿ ಶಾರದಾ ತನ್ನ ಮಗಳು ವಿದ್ಯಾಳ ಮದುವೆಯಲ್ಲಿ ನನಗೆ ವಾಲಗದ ಉಸ್ತುವಾರಿಯೊಂದನ್ನೇ ವಹಿಸಿದ್ದು ನೋಡಿ, ಇಷ್ಟು ಚಿಕ್ಕ ಕೆಲಸಕ್ಕೆ ನನ್ನಂಥವನೇ ಬೇಕೇ ಎಂದು ಸ್ವಲ್ಪ ನೊಂದುಕೊಂಡೆ.

ಆಕೆ ಕೇಳಿಕೊಂಡದ್ದು ಇಷ್ಟೇ. “ಅಣ್ಣ, ತಾಳಿ ಕಟ್ಟೋ ಹೊತ್ತಿಗೆ ಗಟ್ಟಿಮೇಳ ಜೋರಾಗಿ ಆಗ್ಬೇಕು. ನನ್ನ ಮದುವೇಲಿ ಸರಿಯಾಗಿ ಆ ಹೊತ್ತಿಗೇ ವಾಲಗದೋರು ಕಾಫಿಗೆ ಹೋಗಿದ್ರು. ನಮ್ಮತ್ತೆ ಇವತ್ತಿಗೂ ಅದನ್ನ ಆಡ್ಕೋತಾರೆ. ನನ್ನ ಮಗಳಿಗೆ ಆ ಮಾತು ಬರಬಾರದು.”

ನಾನಿದ್ದೇನಲ್ಲ ಎಂದೆ.

ಮದುವೆಗೆ ಎರಡು ದಿನವಿರುವಾಗ ನಾಗಸ್ವರದವರು ಸ್ಕೂಟರಿನಿಂದ ಬಿದ್ದು ಕೈ ಮುರಿದುಕೊಂಡರು. ಲಗ್ನದ ದಿನಗಳು; ಬೇರೆ ತಂಡ ಎಲ್ಲಿಯೂ ಸಿಗಲಿಲ್ಲ. ನಾನು ಧೃತಿಗೆಡಲಿಲ್ಲ. ವೈಟ್‌ಫೀಲ್ಡಿನಲ್ಲಿ ನಮ್ಮ ಪಕ್ಕದ ಮನೆಯಲ್ಲೇ ರೀಟಾ ಮತ್ತು ಎಡ್ವಿನ್ ಇದ್ದರು.

ಆಂಗ್ಲೋ ಇಂಡಿಯನ್ ಮನೆತನದ ಅಕ್ಕ ತಮ್ಮ. ಇಬ್ಬರೂ ಕಾಲೇಜಿಗೆ ಹೋಗುವವರು. ಅವರ ಮುತ್ತಜ್ಜ ಐರ್ಲೆಂಡಿನಿಂದ ಬರುವಾಗ ಜೊತೆಗೆ ತಂದ ಹಳೆಯ ಸಂಗೀತವೊಂದಿದೆ. ಕೆಲ್ಟಿಕ್ ಎನ್ನುತ್ತಾರೆ. ಪುಸ್ತಕವಿಲ್ಲ, ಪಾಠವಿಲ್ಲ, ತಾತ ನುಡಿಸಿದ್ದನ್ನು ಕೇಳಿ ಕೇಳಿ ಕಲಿತದ್ದು. ತಾತ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅದನ್ನು ಬಲ್ಲವರು ಇವರಿಬ್ಬರೇ. ರೀಟಾಳದು ಪಿಟೀಲು. ಎಡ್ವಿನ್‌ನದು ಬ್ಯಾಗ್‌ಪೈಪು: ಕಂಕುಳಲ್ಲಿ ಗಾಳಿ ತುಂಬಿದ ಚೀಲ, ಅದರಿಂದ ಹೊರಟ ಕೊಳವೆಗಳು. ಹೆಗಲ ಮೇಲಿನ ಕೊಳವೆಗಳು ಒಂದೇ ಸಮನೆ ಶ್ರುತಿ ಹಿಡಿದರೆ, ಕೈಯಲ್ಲಿರುವ ಕೊಳವೆ ಹಾಡುತ್ತದೆ. ದಿನವೂ ಬೆಳಿಗ್ಗೆ ಆರರಿಂದ ಏಳರವರೆಗೆ ಅಭ್ಯಾಸ. ಆರು ಎಂದರೆ ಆರೇ! ಅವರ ಸಂಗೀತ ನನಗೆ ಅರ್ಥವಾಗುತ್ತಿರಲಿಲ್ಲ. ಸಮಯಪಾಲನೆ ಬಹಳ ಹಿಡಿಸಿತ್ತು.

“ರೀ, ತಾಳಿ ಕಟ್ಟೋವಾಗ ಪೊಲೀಸ್ ಬ್ಯಾಂಡ್ ಊದಿಸ್ತೀರಾ?” ಎಂದು ನನ್ನ ಹೆಂಡತಿ ಲಲಿತಾ ಕೇಳಿದಳು. ಶ್ರುತಿಯಿದೆ, ಊದುವುದಿದೆ, ಗಟ್ಟಿಯಾಗಿಯೂ ಇದೆ, ಇನ್ನೇನು ಬೇಕು ಎಂದು ನಾನು ಆಕ್ಷೇಪಣೆಯನ್ನು ವಜಾ ಮಾಡಿದೆ. ಕೇಳಿದ ಕೂಡಲೇ ಆ ಅಕ್ಕ ತಮ್ಮ ಇಬ್ಬರೂ ಕುಣಿದಾಡಿಬಿಟ್ಟರು. ಹೊರಗಿನ ಜನರೆದುರು ಅವರು ನುಡಿಸುವುದು ಇದೇ ಮೊದಲು.

ಅವರಿಗೆ ಒಂದು ಗಂಟೆ ತರಬೇತಿ ಕೊಟ್ಟೆ. ತಾಳಿ ಕಟ್ಟುವಾಗ ಯಾವ ಅಪಶಕುನದ ಸದ್ದೂ ಕಿವಿಗೆ ಬೀಳದಂತೆ ಜೋರಾಗಿ, ಬಿರುಸಾಗಿ ನುಡಿಸುವುದೇ ಗಟ್ಟಿಮೇಳ. ತೋರುಬೆರಳೆತ್ತಿ ಅಲ್ಲಾಡಿಸುವುದೇ ಅದರ ಸನ್ನೆ. ಆಗ ಜನ ಅಕ್ಷತೆ ಹಾಕುತ್ತಾರೆ ಎಂದೆಲ್ಲ ವಿವರಿಸಿದೆ.

“ಯಾರು ಬೆರಳು ಆಡಿಸಿದ್ರೂ ನುಡಿಸ್ಬೇಕಾ ಅಂಕಲ್?” ಎಂದಳು ರೀಟಾ.

ಇಲ್ಲಿ ನನ್ನೊಳಗಿನ ಸೂಪರ್‌ವೈಸರ್ ಎದ್ದು ಕುಳಿತ. ಹತ್ತು ಜನರ ಆದೇಶ ಕೇಳಿದ ಯಂತ್ರ ಕೆಡುತ್ತದೆ. “ನನ್ನ ಬೆರಳು ಮಾತ್ರ. ಬೇರೆ ಯಾರು ಏನೇ ಮಾಡಲಿ, ಕದಲಕೂಡದು.”

ಇಬ್ಬರೂ ಸೈನಿಕರಂತೆ ತಲೆಯಾಡಿಸಿದರು.

ಮದುವೆ ನಾಗಸಂದ್ರದ ಕಲ್ಯಾಣ ಮಂಟಪದಲ್ಲಿ. ಮುಹೂರ್ತ ಹತ್ತು ನಲವತ್ತಕ್ಕೆ. ಬೆಳಿಗ್ಗೆಯಿಂದ ಅವರು ನುಡಿಸಿದ ಮೆಲುವಾದ ರಾಗಗಳಿಗೆ ಗಂಡಿನ ಕಡೆಯವರು ತಲೆದೂಗಿದರು. ನಾನು ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದೆ. ಒಂಬತ್ತು ಗಂಟೆಗೆ ನೋಡಿದರೆ ಅಡುಗೆಯವನು ಇನ್ನೂ ಇಡ್ಲಿ ಬಡಿಸುತ್ತಿದ್ದಾನೆ! ಎಂಟೂವರೆಗೆ ತಿಂಡಿ ಬಂದ್ ಎಂದು ಹೇಳಿರಲಿಲ್ಲವೇ ಎಂದು ಬಾಗಿಲಲ್ಲೇ ನಿಂತು ಗದರಿದೆ. ಬೆರಳಾಡಿಸದೆ ಗದರಲು ನನಗೆ ಬರುವುದಿಲ್ಲ ಎಂಬ ಸಂಗತಿ ಅಲ್ಲಿಯವರೆಗೆ ನನಗೇ ತಿಳಿದಿರಲಿಲ್ಲ.

ಬ್ಯಾಗ್‌ಪೈಪು ಸಿಡಿಯಿತು. ಪಿಟೀಲು ನಾಗಾಲೋಟ ಹಿಡಿಯಿತು. ಇನ್ನೂರು ಜನ ದಡಬಡನೆ ಎದ್ದು ಅಕ್ಷತೆ ಎರಚಿದರು. ಹಸೆಮಣೆಯ ಮೇಲೆ ಆಗಿನ್ನೂ ಮಾವನವರು ಅಳಿಯನ ಕಾಲು ತೊಳೆಯುತ್ತಿದ್ದರು. ಹುಡುಗ ಗಾಬರಿಯಿಂದ ಬಾಯಿ ತೆರೆದ. ಬಾಯಿ ತುಂಬ ಅಕ್ಕಿ!

ವಾಲಗದ ಜಗಲಿಗೆ ಓಡಿದೆ. “ಈಗಲ್ಲ! ಈಗಲ್ಲ!” ಎಂದು ಕೂಗಿದೆ. ಯಾವುದನ್ನು ಅಲ್ಲಾಡಿಸುತ್ತ ಕೂಗಿದೆ ಎಂದು ಬೇರೆ ಹೇಳಬೇಕಿಲ್ಲ. ಎಡ್ವಿನ್ ಕೆನ್ನೆ ಕೆಂಪಗಾಗುವಂತೆ ಊದಿದ. ಕೂತಿದ್ದವರ ಕಾಲುಗಳು ತಾವಾಗಿಯೇ ತಾಳ ಹಾಕತೊಡಗಿದವು. ನಮ್ಮ ದೊಡ್ಡಮ್ಮ, ಮಂಡಿನೋವಿನವರು, ಎದ್ದು ಎರಡು ಸುತ್ತು ಕುಣಿದೇಬಿಟ್ಟರು. ನಾನು ಕೈ ಹಿಂದಕ್ಕೆ ಕಟ್ಟಿಕೊಂಡ ಮೇಲೆ ವಾದ್ಯ ನಿಂತಿತು. ಚೀಲದಲ್ಲಿ ಉಳಿದಿದ್ದ ಗಾಳಿ ಇನ್ನಷ್ಟು ಹೊತ್ತು ನರಳಿತು.

ಮೂರನೆಯ ಸಲ, ಅಡ್ಡ ನಿಂತ ಫೋಟೋದವನಿಗೆ ನಾನು ಶಿಸ್ತು ಕಲಿಸಹೋದಾಗ. ಅಷ್ಟರಲ್ಲಿ ಅಕ್ಷತೆ ಮುಗಿದಿತ್ತು. ಅಡುಗೆಮನೆಯಿಂದ ಅಕ್ಕಿ ತಂದು ಅರಿಶಿನ ಕಲಸಿದರು. ಇನ್ನೂ ಎರಚುವುದಾದರೆ ಊಟಕ್ಕೆ ಅನ್ನವಿರುವುದಿಲ್ಲ ಎಂದು ಅಡುಗೆಯವನು ಹೇಳಿಕಳುಹಿಸಿದ. ಪುರೋಹಿತರು ಮಂತ್ರ ನಿಲ್ಲಿಸಿ ನನ್ನತ್ತ ತಿರುಗಿ, “ಯಜಮಾನ್ರೇ, ತಾಳಿ ಕಟ್ಟೋದು ಒಂದೇ ಸಲ” ಎಂದರು.

ಲಲಿತಾ ಬಂದಳು. ತೆಂಗಿನಕಾಯಿ, ಕುಂಕುಮ, ಅಂಚಿನವರೆಗೆ ನೀರು ತುಂಬಿದ ಕಳಶವಿದ್ದ ದೊಡ್ಡ ಹಿತ್ತಾಳೆ ತಟ್ಟೆಯನ್ನು ನನ್ನ ಎರಡೂ ಕೈಗೆ ಇಟ್ಟಳು. ಆಮೇಲೆ ಮೆಲ್ಲಗೆ, “ಧಾರೆ ಮುಗಿಯೋವರೆಗೆ ಇದನ್ನ ಇಳಿಸಿದ್ರೆ ನೋಡಿ” ಎಂದಳು.

ಹತ್ತು ನಲವತ್ತು. ಹುಡುಗ ತಾಳಿ ಹಿಡಿದು ನಿಂತ. ಪುರೋಹಿತರು ಕೈಯೆತ್ತಿ “ಗಟ್ಟಿಮೇಳ, ಗಟ್ಟಿಮೇಳ” ಎಂದರು. ಮಂಟಪದ ತುಂಬ ನೂರಾರು ಬೆರಳುಗಳು ಅಲ್ಲಾಡಿದವು. ನನ್ನದೊಂದು ಬಿಟ್ಟು.

ನಿಶ್ಶಬ್ದ.

ಅಕ್ಕ ತಮ್ಮ ಇಬ್ಬರೂ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದರು. ನಾನು ಹುಬ್ಬು ಹಾರಿಸಿದೆ, ತಲೆ ಕುಣಿಸಿದೆ, “ನುಡಿಸ್ರೋ!” ಎಂದು ಅರಚಿದೆ. ಯಾರು ಏನೇ ಮಾಡಿದರೂ ಕದಲಕೂಡದು ಎಂದು ಕಲಿಸಿದವನು ನಾನೇ. ಕದಲಲಿಲ್ಲ. ಎಲ್ಲಿಯೋ ಒಬ್ಬರು ಸೀನುವ ಸನ್ನಾಹದಲ್ಲಿದ್ದರು. ಮುಂದಿನ ಸಾಲಿನಲ್ಲಿ ಶಾರದಾಳ ಅತ್ತೆ ಪಕ್ಕದವರ ಕಿವಿಯತ್ತ ಬಾಗುತ್ತಿದ್ದರು. ಶಾರದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಲೆ ತಗ್ಗಿಸಿದ್ದ ವಿದ್ಯಾಳ ಕಣ್ಣಿನಿಂದ ಒಂದು ಹನಿ ಬಿತ್ತು.

ರೀಟಾ ನನ್ನ ಮೇಲಿನ ದೃಷ್ಟಿ ತೆಗೆದು ಅವಳನ್ನು ನೋಡಿದಳು. ಕಮಾನನ್ನು ತಂತಿಗೆ ತಾಗಿಸಿದಳು. ಎಡ್ವಿನ್ ಚೀಲ ಅದುಮಿದ. ಮಂಟಪದ ಚಾವಣಿ ಹಾರುವಂಥ ನಾದ! ತಾಳಿಯ ಗಂಟು ಬಿತ್ತು, ಅಕ್ಕಿ ಹಾರಿತು, ಸೀನು ಯಾರಿಗೂ ಕೇಳಿಸಲಿಲ್ಲ. ಶಾರದಾ ಅತ್ತಳು, ನಕ್ಕಳು. ಅತ್ತೆಯವರಿಗೆ ಆಡಿಕೊಳ್ಳಲು ಏನೂ ಉಳಿಯಲಿಲ್ಲ.

ಊಟದ ಹೊತ್ತಿಗೆ ರೀಟಾಳನ್ನು ಕರೆದು, ನನ್ನ ಸನ್ನೆಯಿಲ್ಲದೆ ಹೇಗೆ ಶುರು ಮಾಡಿದೆ ಎಂದು ಕೇಳಿದೆ. ವಿಚಾರಣೆ ವಿಚಾರಣೆಯೇ.

“ಸಾರಿ ಅಂಕಲ್, ವಿದ್ಯಾ ಅಕ್ಕ ಅಳ್ತಿದ್ರು,” ಎಂದಳು. “ನುಡಿಸೋವಾಗ ಯಾರಿಗೋಸ್ಕರ ನುಡಿಸ್ತೀವೋ ಅವ್ರ ಮುಖ ನೋಡ್ಬೇಕು ಅಂತ ನಮ್ ತಾತ ಹೇಳ್ತಿದ್ರು.”

ನನ್ನ ಒಂದು ಗಂಟೆಯ ತರಬೇತಿಯಲ್ಲಿ ಈ ಅಂಶ ಇರಲಿಲ್ಲ.

ಹೊರಡುವಾಗ ಗಂಡಿನ ತಂದೆ ಆ ಮಕ್ಕಳ ಕೈ ಹಿಡಿದುಕೊಂಡು, ಮುಂದಿನ ತಿಂಗಳು ಮಾಕಳಿಯಲ್ಲಿ ತಮ್ಮ ಎರಡನೆಯ ಮಗನ ಮದುವೆಗೂ ಇವರದೇ ವಾಲಗ ಎಂದು ಗೊತ್ತುಮಾಡಿಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ ಬಹಳ ಗೌರವದಿಂದ ಕೈಮುಗಿದರು. “ತಾವೂ ತಪ್ಪದೆ ಬರಬೇಕು ಸಾರ್. ಹಿಂದಿನ ದಿನ ಸಾಯಂಕಾಲ ರಿಸೆಪ್ಷನ್ ಇದೆ. ಊಟ ಮಾಡ್ಕೊಂಡು ನೆಮ್ಮದಿಯಾಗಿ ಮನೆಗೆ ಹೋಗಿಬಿಡಿ. ಮುಹೂರ್ತಕ್ಕೆ ತಾವು ತೊಂದರೆ ತಗೋಬೇಡಿ.”