ಕಸಿ ಅಂಗಿಗೊಂದು ಮೈ

ಗುಡಿಗೆ ಹೋಗಿ ದೇವರಿಗಿಂತ ಮೊದಲು ದ್ವಾರಪಾಲಕನ ಸೊಂಟಪಟ್ಟಿ ನೋಡುವ, ಹಳೆಯ ಫೋಟೋದಲ್ಲಿ ಮುಖ ಬಿಟ್ಟು ತೋಳಿನ ಹೊಲಿಗೆ ಹುಡುಕುವ ಮನುಷ್ಯನಿಗೆ ಇಂಥ ಪ್ರಸಂಗಗಳು ಆಗುತ್ತಲೇ ಇರುತ್ತವೆ. ನಾನಾಗಿ ಹುಡುಕಿಕೊಂಡು ಹೋಗುವುದಿಲ್ಲ. ಅವೇ ನನ್ನ ವಿಳಾಸ ಕೇಳಿಕೊಂಡು ಬರುತ್ತವೆ.

ನಾನು ಹುಬ್ಬಳ್ಳಿಯ ವಿದ್ಯಾನಗರದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ನಮ್ಮ ಕಡೆಯ ಜನ ಇನ್ನೂರು ವರ್ಷದ ಹಿಂದೆ, ಸಾವಿರ ವರ್ಷದ ಹಿಂದೆ ಏನು ಉಡುತ್ತಿದ್ದರು ಎಂದು ಓದುತ್ತೇನೆ. ಓದಿದ್ದನ್ನು ಸಂಜೆ ಹೊತ್ತು ಹೊಲಿದು ನೋಡುತ್ತೇನೆ. ಯಾರಿಗೂ ತೊಂದರೆ ಇಲ್ಲದ ಹವ್ಯಾಸ. ಆದರೆ ಹೊಲಿದ ಅಂಗಿಗೆ ಒಂದು ಮೈ ಬೇಕಲ್ಲ. ನಾನೇ ತೊಟ್ಟು ಕನ್ನಡಿಯ ಮುಂದೆ ನಿಂತರೆ ಗ್ರಂಥಪಾಲಕನೇ ಕಾಣುತ್ತಾನೆ. ಬೇರೆ ಯಾರಾದರೂ ಒಬ್ಬರು ನಾನು ಹೊಲಿದದ್ದನ್ನು ತೊಟ್ಟು, ಹೊಸಿಲು ದಾಟಿ, ಬೀದಿಯಲ್ಲಿ ನಡೆದು ಹೋಗಬೇಕು ಎಂಬುದೊಂದೇ ಆಸೆ.

ಹೆಂಡತಿಗೆ ಇದನ್ನು ಒಮ್ಮೆ ಹೇಳಿದೆ.

"ನನ್ನ ಕಡೆ ನೋಡಬ್ಯಾಡ್ರಿ," ಎಂದಳು.

ನಾನು ನೋಡಿರಲಿಲ್ಲ.

ಅಳತೆ

ಧಾರವಾಡದ ಆಚೆ ಒಂದು ಹಳೆಯ ಗುಡಿಯ ಹೊರಗೋಡೆಯ ಮೇಲೆ ಕಲ್ಲಿನ ಹೆಣ್ಣೊಬ್ಬಳಿದ್ದಾಳೆ. ಅವಳ ಸೊಂಟದ ಬಟ್ಟೆಯ ನೆರಿಗೆಗಳನ್ನು ಶಿಲ್ಪಿ ಒಂದೊಂದಾಗಿ ಬಿಡಿಸಿದ್ದಾನೆ. ಬಟ್ಟೆ ಎಷ್ಟು ಅಗಲವಿದ್ದರೆ ಅಷ್ಟು ನೆರಿಗೆ ಬಂದೀತು ಎಂದು ಲೆಕ್ಕ ಹಾಕಲು ನಾನು ಟೇಪು ಹಿಡಿದುಕೊಂಡು ನಿಂತಿದ್ದೆ. ಪ್ರದಕ್ಷಿಣೆ ಹಾಕುತ್ತಿದ್ದ ಅಜ್ಜಿಯೊಬ್ಬರು ನಿಂತರು.

"ಏನ ಮಾಡಾಕತ್ತೀಪಾ ತಮ್ಮಾ?"

"ಅಳತಿ ತಗೊಳ್ಳಾಕತ್ತೇನ್ರಿ ಅವ್ವಾರ."

"ಯಾರದು?"

"ಇವರದು."

ಅಜ್ಜಿ ಕಲ್ಲಿನವಳನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಬಟ್ಟಿ ಹೊಲಿತಿಯೇನು?"

"ಹೌದ್ರಿ."

"ಹಂಗಾರ ಲಗೂ ಹೊಲದ ಕೊಡಪಾ. ಎಷ್ಟ ವರ್ಷ ಆತು, ಗಾಳಿ ಮಳ್ಯಾಗ ಹಂಗ ನಿಂತಾಳ ಪಾಪ."

ಮನೆಗೆ ಬಂದು ಊಟಕ್ಕೆ ಕೂತಾಗ ಹೆಂಡತಿಗೆ ಇದನ್ನು ಹೇಳಿದೆ. ನೆರಿಗೆಯ ವಿಷಯ ವಿವರಿಸುತ್ತ ಆ ಶಿಲ್ಪದ ಅಳತೆಗಳನ್ನೂ ಹೇಳಿದೆ. ಅವಳು ಸೌಟು ಕೆಳಗಿಟ್ಟಳು.

"ಕಲ್ಲಿನಾಕಿ ಅಳತಿ ಬಾಯಿಪಾಠ ಐತಿ. ನನ್ನ ಜಂಪರಿನ ಅಳತಿ ಹೇಳ್ರಿ ನೋಡೋಣು."

ಸಾರು ಇವತ್ತು ಭಾಳ ಛಲೋ ಆಗೇತಿ ಎಂದೆ.

ಕೈಹೊಲಿಗೆ

ಇನ್ನೂರು ವರ್ಷದ ಹಿಂದಿನ ಅಂಗಿಯೆಂದರೆ ಕೈಹೊಲಿಗೆ. ಅದಕ್ಕೆ ಹೊಳಪಿಲ್ಲದ ಹತ್ತಿ ದಾರ ಬೇಕು. ಹಳೇ ಹುಬ್ಬಳ್ಳಿಯಲ್ಲಿ ನನ್ನ ಪ್ಯಾಂಟುಗಳನ್ನು ಹೊಲಿಯುವ ಮಾಸ್ತರರ ಅಂಗಡಿಗೆ ಹೋಗಿ ಕೇಳಿದೆ.

"ಮಷಿನ್ನಿಗೆ ಈ ದಾರ ಬರಂಗಿಲ್ರಿ ಸಾಹೇಬ್ರ, ಹರೀತೈತಿ," ಎಂದರು ಮಾಸ್ತರರು.

"ಮಷಿನ್ನಿಗಲ್ಲರಿ, ಕೈಲೆ ಹೊಲಿತೇನಿ."

"ಪೂರಾ ಅಂಗಿ?"

"ಪೂರಾ ಅಂಗಿ."

"ಮನ್ಯಾಗ ಮಷಿನ್ ಇಲ್ಲೇನ್ರಿ?"

"ಐತ್ರಿ."

ಮಾಸ್ತರರು ಎದ್ದರು. ದಾರ ಹುಡುಕಿ ಕೊಟ್ಟರು. ಚಹಾ ತರಿಸಿದರು. ಎಂದೂ ಇಲ್ಲದ ಮರುಕದಿಂದ ಅಂಗಡಿಯ ಮೆಟ್ಟಿಲಿನವರೆಗೆ ಬಂದು ಬೀಳ್ಕೊಟ್ಟರು.

ರವಿವಾರ ಬೆಳಿಗ್ಗೆ ಮನೆಯ ಮುಂದೆ ಒಬ್ಬ ಮೆಕ್ಯಾನಿಕ್ ಚೀಲ ಹಿಡಿದು ನಿಂತಿದ್ದ. "ಮಷಿನ್ ಕೆಟ್ಟೈತಿ, ಸಾಹೇಬ್ರು ಸಂಕೋಚ ಮಾಡ್ಕೊಂಡು ಹೇಳವಲ್ರು ಅಂತ ಮಾಸ್ತರ್ರು ಕಳಿಸ್ಯಾರ್ರಿ."

ಕೆಟ್ಟಿಲ್ಲ ಎಂದು ನಾನು ಹೇಳುವ ಮೊದಲೇ ಹೆಂಡತಿ ಅವನನ್ನು ಒಳಗೆ ಕರೆದಿದ್ದಳು. ಅವನು ಮಷಿನ್ ಬಿಚ್ಚಿದ, ಎಣ್ಣೆ ಬಿಟ್ಟ, ಒಂದು ಚಿಂದಿಯ ಮೇಲೆ ಓಡಿಸಿ ನೋಡಿದ.

"ಮಷಿನ್ ಏಕದಂ ಕರೆಕ್ಟ್ ಐತ್ರಿ ಅಕ್ಕಾರ."

"ಮತ್ತ ಇವರು ಯಾಕ ಕೈಲೆ ಹೊಲಿತಾರ?"

ಅವನು ನನ್ನ ಕೈಯಲ್ಲಿದ್ದ ಸೂಜಿಯನ್ನೂ ಮೂಗಿನ ಮೇಲಿನ ಕನ್ನಡಕವನ್ನೂ ನೋಡಿ, ಸಾಮಾನು ಚೀಲಕ್ಕೆ ತುಂಬಿಕೊಂಡ. "ಅದು ನನ್ನ ಕಡೆ ರಿಪೇರಿ ಆಗೋದಲ್ರಿ," ಎಂದ.

ಗಡಿಗೆ

ಬೆಲ್ಲದ ನೀರಿಗೆ ತುಕ್ಕು ಹಿಡಿದ ಮೊಳೆಗಳನ್ನು ಹಾಕಿ ಕೆಲವು ದಿನ ಹುಳಿ ಬರಿಸಿದರೆ ಬಟ್ಟೆಗೆ ಹಾಕುವ ಕಪ್ಪು ಬಣ್ಣ ಸಿದ್ಧವಾಗುತ್ತದೆ. ಹಿಂದಿನವರ ಕ್ರಮ. ನಾನೂ ಹಿತ್ತಿಲಲ್ಲಿ ಒಂದು ಗಡಿಗೆ ಇಟ್ಟು ಬಾಯಿಗೆ ಬಟ್ಟೆ ಕಟ್ಟಿದ್ದೆ. ವಾಸನೆ ಕಂಪೌಂಡ್ ದಾಟಿ ಪಕ್ಕದ ಮನೆಯ ಕಾಕಾರವರೆಗೆ ಹೋಯಿತು.

ಕಾಕಾ ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು. ಹೊತ್ತಿಗೆ ಸರಿಯಾಗಿ ಎಲ್ಲವೂ ಆಗಬೇಕು ಎನ್ನುವವರು. ಮೊದಲ ದಿನ ಸುಮ್ಮನೆ ಇಣುಕಿದರು. ಎರಡನೆಯ ದಿನ ಮೂಗು ಅರಳಿಸಿ, ತಮ್ಮ ಹೆಂಡತಿ ಕಾಕು ಒಳಗಿದ್ದಾರೆಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದರು.

"ಬೆಲ್ಲ ಹಾಕೀಯೇನೋ?"

"ಹೌದ್ರಿ ಕಾಕಾ."

"ಯಾವಾಗ ತಯಾರಾಗತೈತಿ?"

"ಇನ್ನ ಒಂದ ವಾರ ಬೇಕ್ರಿ. ಬಿಸಲ ಛಲೋ ಬಿದ್ರ ಲಗೂ ಆಗತೈತಿ."

"ಅವಸರ ಮಾಡಬ್ಯಾಡ. ಪೂರಾ ಆಗಲಿ."

ಹಳೆಯ ಬಟ್ಟೆಯ ಬಗ್ಗೆ ಇಷ್ಟು ಕಾಳಜಿ ಇರುವ ಮನುಷ್ಯ ಪಕ್ಕದಲ್ಲೇ ಇದ್ದು ನನಗೆ ತಿಳಿಯದೇ ಹೋಯಿತಲ್ಲ ಎಂದು ಸಂತೋಷಪಟ್ಟೆ. ವಾರವಿಡೀ ಅವರು ವಿಚಾರಿಸಿದರು. ಗಡಿಗೆಯ ಬಾಯಿ ಬಿಚ್ಚುವ ದಿನ ಬಿಳಿ ಜುಬ್ಬಾ ಹಾಕಿಕೊಂಡು ಬಂದರು. ಕೈಯಲ್ಲಿ ಎರಡು ಗಾಜಿನ ಗ್ಲಾಸು, ಒಂದು ಪೊಟ್ಟಣ ಖಾರಾ ಶೇಂಗಾ. ನಾನು ಗಡಿಗೆಯೊಳಗೆ ಕೋಲು ಆಡಿಸಿ ಮೊಳೆಗಳನ್ನು ಮೇಲಕ್ಕೆತ್ತಿದೆ. ಹಿಂದೆಯೇ ಒಂದು ಅಂಗಿ ತಂದು ಅದರಲ್ಲಿ ಅದ್ದಿದೆ.

ಕಾಕಾ ಗಡಿಗೆಯೊಳಗೆ ಬಗ್ಗಿ ನೋಡಿದರು. ಆಮೇಲೆ ಗ್ಲಾಸುಗಳನ್ನು ಜುಬ್ಬಾದ ಕಿಸೆಗೆ ಇಳಿಸಿದರು.

"ನಸೀಬ ನೋಡಪಾ. ನಿನ್ನ ಅಂಗಿ ಕುಡೀತಾವ. ನಾವು ಶೇಂಗಾ ತಿನಕೋತ ನೋಡೋದು."

ರಾಜ

ನವೆಂಬರಿನಲ್ಲಿ ಕಾಲೊನಿಯ ಸಂಘದವರು ಸಾವಿರ ವರ್ಷದ ಹಿಂದಿನ ರಾಜನೊಬ್ಬನ ಚಾರಿತ್ರಿಕ ನಾಟಕ ಮಾಡುವುದೆಂದು ತೀರ್ಮಾನಿಸಿ ವೇಷಭೂಷಣ ನನಗೆ ಒಪ್ಪಿಸಿದರು. ಅರಳೆ ವ್ಯಾಪಾರಿಯೊಬ್ಬರು ರಾಜ. ಕೊನೆಗೂ ಒಂದು ಮೈ ಸಿಕ್ಕಿತು, ಅದೂ ದೊಡ್ಡದು ಎಂದುಕೊಂಡೆ. ಆ ಕಾಲದ ಶಿಲ್ಪಗಳಲ್ಲಿ ರಾಜರು ಹೇಗಿದ್ದಾರೋ ಹಾಗೆಯೇ ಸಿದ್ಧಮಾಡಿದೆ: ಅಂಚಿನ ಧೋತರ, ಸೊಂಟಕ್ಕೊಂದು ವಸ್ತ್ರ, ತೋಳಿಗೆ ಪಟ್ಟಿ.

ರಾಜರು ಎಲ್ಲವನ್ನೂ ನೋಡಿ, "ಮ್ಯಾಲಿಂದು?" ಎಂದರು.

"ಮ್ಯಾಲೆ ಏನೂ ಇಲ್ರಿ. ಸರಾ ಹಾಕ್ಕೊಂಡ್ರ ಆತು."

"ಅಂಗಿ?"

"ರಾಜರು ಆಗ ಅಂಗಿ ಹಾಕ್ತಿರಲಿಲ್ರಿ."

ಅವರು ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡರು. "ಅವರಿಗೆ ನಡೀತಿತ್ರಿ. ಅವರ ಬೀಗರು ಮುಂದಿನ ಸಾಲಿನ್ಯಾಗ ಕೂಡ್ತಿರಲಿಲ್ಲ."

ಸಂಘದ ಅಧ್ಯಕ್ಷರು ನನ್ನನ್ನು ಬದಿಗೆ ಕರೆದರು. "ಇತಿಹಾಸ ಖರೇನ ಇರಬಹುದು. ಆದ್ರ ನೋಡಿದವರಿಗೆ ರಾಜಾ ಅನಸಬೇಕಲ್ರಿ. ಹಿಂಗ ಬಂದ್ರ ಸ್ನಾನಕ್ಕ ಹೊಂಟಾನ ಅಂತಾರ."

ಬಾಡಿಗೆಯ ಅಂಗಡಿಯಿಂದ ಕೆಂಪು ಮಖಮಲ್ಲಿನ ಕೋಟು ಬಂತು, ಚಿನ್ನದ ಬಣ್ಣದ ಗುಂಡಿಗಳ ಸಮೇತ. ನಾನು ಸಿದ್ಧಮಾಡಿದ ವಸ್ತ್ರಕ್ಕೂ ಅನ್ಯಾಯವಾಗಲಿಲ್ಲ. ಸಿಂಹಾಸನಕ್ಕೆಂದು ತಂದ ಪ್ಲಾಸ್ಟಿಕ್ ಕುರ್ಚಿ ನೀಲಿ ಬಣ್ಣದ್ದಾಗಿತ್ತು. ಅದರ ಮೇಲೆ ಅದನ್ನು ಹೊದಿಸಿದರು. ನಾನು ಸಭಿಕರ ನಡುವೆ ಕೂತು ನೋಡಿದೆ. ನಾಟಕ ಮುಗಿಯುವವರೆಗೆ ರಾಜ ಇತಿಹಾಸದ ಮೇಲೆಯೇ ಕೂತಿದ್ದ.

ಕಸಿ ಅಂಗಿ

ಕಸಿ ಅಂಗಿ ಎಂದರೆ ಗುಂಡಿ ಇಲ್ಲದ, ಎದೆಯ ಮೇಲೆ ಒಂದು ಸೆರಗಿನ ಮೇಲೊಂದು ಸೆರಗು ಬರುವ, ಬದಿಗೆ ಲಾಡಿ ಕಟ್ಟುವ ಅಂಗಿ. ಹನ್ನೆರಡು ಲಾಡಿ ಇರುವುದರಿಂದ ಬಾರಾಬಂದಿ ಎಂದೂ ಕರೆಯುತ್ತಾರೆ. ಅಂಥದೊಂದನ್ನು ಬಿಳಿ ಹತ್ತಿ ಬಟ್ಟೆಯಲ್ಲಿ ಹೊಲಿದು ಮುಗಿಸಿದ ವಾರವೇ ಕಾಕಾ ಸ್ಕೂಟರಿಗೆ ಸ್ಟ್ಯಾಂಡ್ ಹಾಕಲು ಹೋಗಿ ಬಿದ್ದು ಎಡಗೈ ಮುರಿದುಕೊಂಡರು. ಮೊಣಕೈ ಮಡಿಸಿ ಪ್ಲಾಸ್ಟರ್ ಹಾಕಿದ್ದರು. ಯಾವ ಅಂಗಿಯೂ ಏರುವಂತಿರಲಿಲ್ಲ.

ಅದೇ ಹೊತ್ತಿಗೆ ಅವರ ಅಕ್ಕನಿಗೆ ವಿದ್ಯಾನಗರದ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಗಿತ್ತು. ನೋಡಿ ಬರಬೇಕು. ಆದರೆ ಕಾಕಾ ಬನಿಯನ್ನಿನ ಮೇಲೆ ಶಾಲು ಹೊದ್ದು ಹೋಗಲು ಸುತರಾಂ ಒಪ್ಪಲಿಲ್ಲ. "ಬನೀನ್ ಮ್ಯಾಲ ಬಾಗಲಿಗೆ ನಿಂತ್ರೂ ಬೈತಿದ್ದಳು ಅಕ್ಕ. ಹಾಸಿಗಿ ಹಿಡದಾಗ ಅಕಿಗೆ ಇದನ್ನ ತೋರಸಲೇನು?"

ನಾನು ಕಸಿ ಅಂಗಿ ತಂದೆ. ಮೈಗೆ ಸರಿಯಾಯಿತು. ತೋಳು ಇಕ್ಕಟ್ಟು. ಅಂಗಿಯ ಎಡತೋಳನ್ನು ಹೆಗಲಿಂದ ಮಣಿಕಟ್ಟಿನವರೆಗೆ ಕತ್ತರಿಸಿ ಅಲ್ಲಿಯೂ ಲಾಡಿ ಹಚ್ಚಬೇಕು. ನಾನು ನೋಡಿದ ಯಾವ ಚಿತ್ರದಲ್ಲೂ ಅಂಥ ತೋಳಿಲ್ಲ. ಕತ್ತರಿ ಹಿಡಿದು ಸುಮ್ಮನೆ ನಿಂತೆ.

"ಏನಾತ್ರಿ?" ಎಂದಳು ಹೆಂಡತಿ.

"ಇದಕ್ಕ ಆಧಾರ ಇಲ್ಲ."

"ಆಗಿನ ಕಾಲದಾಗ ಯಾರೂ ಕೈ ಮುರಕೊಳ್ಳಲಿಲ್ಲೇನು?"

ಕತ್ತರಿಸಿದೆ.

ಮರುದಿನ ಕಾಕಾ ಅದನ್ನು ತೊಟ್ಟು ಹೊಸಿಲು ದಾಟಿದರು. ಬೀದಿಯಲ್ಲಿ ತರಕಾರಿ ಗಾಡಿಯವನಿದ್ದ, ಇಸ್ತ್ರಿಯವನಿದ್ದ. ಯಾರೂ ನಗಲಿಲ್ಲ. ಯಾರೂ ತಿರುಗಿ ಸಹ ನೋಡಲಿಲ್ಲ. ಕಾರಿನ ಬಾಗಿಲು ಹಿಡಿದು ನಿಂತ ನಾನೊಬ್ಬನೇ ನೋಡಿದೆ.

ಆಸ್ಪತ್ರೆಯ ಮುಂದೆ ಅವರನ್ನು ಇಳಿಸಿ, ಕಾರು ನಿಲ್ಲಿಸಿ ಬರುವಷ್ಟರಲ್ಲಿ ಕಾಕಾ ಕಾಣೆ. ಅಕ್ಕನ ಬಳಿಯೂ ಇರಲಿಲ್ಲ. ಹುಡುಕುತ್ತ ಹೋದರೆ ಗಂಡಸರ ವಾರ್ಡಿನಲ್ಲಿ ಒಂದು ಮಂಚದ ಮೇಲೆ ಸಿಕ್ಕರು. ಬಾಯಲ್ಲಿ ಥರ್ಮಾಮೀಟರ್, ಬಲಗೈಗೆ ಬಿ.ಪಿ. ಪಟ್ಟಿ. ಸಿಸ್ಟರ್ ಇವರ ಫೈಲು ಹುಡುಕುತ್ತಿದ್ದರು. ಬಿಳಿ ಬಟ್ಟೆ, ಬದಿಗೆ ಲಾಡಿ, ಕೈಗೆ ಪ್ಲಾಸ್ಟರ್. ಪೇಷಂಟ್ ಹಾಸಿಗೆ ಬಿಟ್ಟು ತಿರುಗುತ್ತಿದ್ದಾನೆಂದು ವಾರ್ಡಿನವರು ಗಾಲಿಕುರ್ಚಿಯಲ್ಲಿ ಕೂರಿಸಿ ತಂದಿದ್ದರು.

ಥರ್ಮಾಮೀಟರ್ ತೆಗೆದ ಮೇಲೆ, "ನೀವು ಹೇಳಬಾರದೇನ್ರಿ ಕಾಕಾ?" ಎಂದೆ.

"ನಾ ಪೇಷಂಟ್ ಅಲ್ಲ ಅಂತ ಮೂರ ಸರ್ತಿ ಹೇಳಿದೆ. ಇಲ್ಲಿ ಎಲ್ಲಾರೂ ಹಂಗ ಅಂತಾರ ಅಂದ್ರು. ಉಪ್ಪಿಟ್ಟು ಕೊಟ್ರು. ಆಮ್ಯಾಲ ನಾನೂ ಸುಮ್ಮನಾದೆ."

ಸಿಸ್ಟರಿಗೆ ನಗು ತಡೆಯಲಾಗಲಿಲ್ಲ. ಆದರೆ ಪಕ್ಕದ ಮಂಚದ ಹಿರಿಯರು ನಗಲಿಲ್ಲ. ಅವರು ಆಸ್ಪತ್ರೆಯ ಅಂಗಿಯಲ್ಲಿದ್ದರು. ಅದಕ್ಕೆ ಲಾಡಿ ಇರುವುದು ಬೆನ್ನಿಗೆ, ಅದೂ ಎರಡೇ. ಎದ್ದು ನಡೆಯುವಾಗ ಒಂದು ಕೈಯಿಂದ ಹಿಂದೆ ಹಿಡಿದುಕೊಳ್ಳಬೇಕು.

"ಸಿಸ್ಟರ್," ಎಂದರು ಅವರು, "ಈ ಮನಶಾಗ ಪೂರಾ ಮುಚ್ಚೋ ಅಂಗಿ. ನಮಗ ಹಿಂದ ಕಿಡಕಿ ಇಟ್ಟದ್ದು. ನಾವೇನು ಪಾಪಾ ಮಾಡೇವಿ?"

ಅದು ಆಸ್ಪತ್ರೆಯದಲ್ಲ, ನಾನು ಹೊಲಿದದ್ದು ಎಂದೆ. ಅವರು ನನ್ನ ಕೈ ಹಿಡಿದುಕೊಂಡರು. "ಹಂಗಾರ ನನಗೊಂದು ಕೊಡ್ರಿ. ನಾಳೆ ನಮ್ಮ ಬೀಗರು ನೋಡಾಕ ಬರೋರದಾರ. ಹೊಸಾ ಸಂಬಂಧ. ಎದ್ದ ನಿಂತ ನಮಸ್ಕಾರ ಮಾಡಬೇಕಂದ್ರ ಎರಡೂ ಕೈ ಬೇಕಲ್ರಿ."

ಸಿಸ್ಟರ್ ಲಾಡಿಗಳನ್ನು ಬಿಚ್ಚಿ ಕಟ್ಟಿ ನೋಡಿ, ಒಗೆದು ತಂದರೆ ಅಡ್ಡಿಯಿಲ್ಲ ಎಂದರು. ಮರುದಿನ, ಹಿಂದೆ ಹೊಲಿದು ಕಪಾಟಿನಲ್ಲಿಟ್ಟಿದ್ದ ಇನ್ನೊಂದು ಕಸಿ ಅಂಗಿಯನ್ನು ಒಗೆದು ಒಯ್ದುಕೊಟ್ಟೆ. ಸಂಜೆ ಕಾಕಾರ ಜೊತೆ ನಾನು ಅಲ್ಲಿದ್ದಾಗಲೇ ಬೀಗರು ಬಂದರು. ಹಿರಿಯರು ಎದ್ದರು, ಎರಡೂ ಕೈ ಎತ್ತಿ ನಮಸ್ಕಾರ ಮಾಡಿದರು, ಬೇಕೆಂದೇ ಬೆನ್ನು ತಿರುಗಿಸಿ ಕಿಟಕಿಯವರೆಗೆ ನಡೆದು ಹೋಗಿ ಬಂದರು. ಬೀಗರು ಆ ಅಂಗಿಯ ಸೆರಗನ್ನು ಬೆರಳಿನಿಂದ ಮುಟ್ಟಿ ನೋಡಿದರು. ಲಾಡಿ ನೋಡಿದರು. ಬೀಗತಿಯೂ ಬಗ್ಗಿ ನೋಡಿದರು.

"ಮನಿಯಿಂದ ತಂದದ್ದೇನ್ರಿ?"

"ಇಲ್ರಿ, ಇಲ್ಲೇ ಕೊಟ್ರು," ಎಂದರು ಹಿರಿಯರು, ನನ್ನ ಕಡೆ ನೋಡದೆ.

ಬೀಗರು ತಮ್ಮ ಹೆಂಡತಿಯ ಕಡೆ ತಿರುಗಿದರು. "ನನ್ನ ಮೊಳಕಾಲ ಆಪರೇಷನ್ ಬ್ಯಾಡ ಅಂತಿದ್ನೆಲ್ಲಾ, ಡಾಕ್ಟರಿಗೆ ಹೇಳಿಬಿಡು. ಇಲ್ಲೇ ಮಾಡಸ್ತೇನಿ."